ಒಂದೇ ಬ್ಯಾಟರಿಗೆ ಎರಡು ವೋಲ್ಟೇಜ್ ಏಕೆ?

ಪ್ರಶ್ನೆ (ಶಿರಸಿ ಸಮೀಪದ ಅಡಿಕೆ ಬೆಳೆಗಾರರು): ಮಾನ್ಯರೆ, ಹಂದಿಗಳ ಕಾಟ ತಡೆಯಲು ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದೇವೆ. ಮಳೆಗಾಲದಲ್ಲಿ ಬಿಸಿಲಿಲ್ಲದೆ ಅದರ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇಳಿದುಹೋಗುವುದು ಮೊದಲೇ ತಿಳಿಯಲೆಂದು, ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡಿಗೆ ಅಂಗಡಿಯಲ್ಲಿ ಸಿಗುವ 25 ವೋಲ್ಟ್‌ವರೆಗಿನ ಸೆನ್ಸರ್ ಜೋಡಿಸಿದ್ದೇನೆ. ಬ್ಯಾಟರಿಯನ್ನು ಮನೆಗೆ ತಂದು, ಬೋರ್ಡನ್ನು ಲ್ಯಾಪ್‌ಟಾಪಿನಿಂದ ನಡೆಸಿದಾಗ 12.6 ಎಂದು ತೋರಿಸಿತು. ಮಲ್ಟಿಮೀಟರೂ ಅದನ್ನೇ ಹೇಳಿತು. ಬೋರ್ಡನ್ನು ಹಳೆಯ ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದ ಕೂಡಲೇ ಅದೇ ಬ್ಯಾಟರಿ 13.4 ಆಯಿತು. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಸೆನ್ಸರ್ ಕೆಟ್ಟಿಲ್ಲ. ಕೊಳಗ ಕುಗ್ಗಿದರೆ ಭತ್ತ ಹೆಚ್ಚು ಬಂದಂತೆ ಕಾಣುತ್ತದಲ್ಲ, ಇಲ್ಲಿಯೂ ಅದೇ ಆಗಿದೆ. ಊನೊದಲ್ಲಿರುವ ಎಟಿಮೆಗಾ 328ಪಿ ಚಿಪ್ಪು ವೋಲ್ಟುಗಳನ್ನು ನೇರವಾಗಿ ಎಣಿಸುವುದಿಲ್ಲ. ಪಿನ್ನಿಗೆ ಬಂದದ್ದು ತನ್ನ ರೆಫರೆನ್ಸ್ ವೋಲ್ಟೇಜಿನ (ಅಳತೆಗೆ ಆಧಾರವಾದ ವೋಲ್ಟೇಜಿನ) 1024 ಪಾಲುಗಳಲ್ಲಿ ಎಷ್ಟು ಪಾಲು ಎಂಬುದನ್ನಷ್ಟೇ ಹೇಳುತ್ತದೆ. ನಾವು ಬೇರೆ ಸೂಚನೆ ಕೊಡದಿದ್ದರೆ ಬೋರ್ಡಿಗೆ ಸಿಗುವ 5 ವೋಲ್ಟಿನ ಪೂರೈಕೆಯೇ ಆ ರೆಫರೆನ್ಸ್. ನಿಮ್ಮ ಚಾರ್ಜರ್ ಮತ್ತು ಕೇಬಲ್ ದಾಟಿ ಬರುವಷ್ಟರಲ್ಲಿ ಅದು 4.7ಕ್ಕೆ ಇಳಿದಿರಬೇಕು, ಪ್ರೋಗ್ರಾಮ್ ಮಾತ್ರ 5 ಎಂದೇ ನಂಬಿ ಗುಣಿಸುತ್ತಿದೆ. 12.6ನ್ನು 5ರಿಂದ ಗುಣಿಸಿ 4.7ರಿಂದ ಭಾಗಿಸಿ, ನಿಮ್ಮ 13.4 ಬರುತ್ತದೆ. ಬೋರ್ಡಿನ 5 ವೋಲ್ಟ್ ಪಿನ್ನಿಗೆ ಮಲ್ಟಿಮೀಟರ್ ಹಿಡಿದರೆ ಖಾತ್ರಿಯಾಗುತ್ತದೆ.

ಆ ಚಿಪ್ಪಿನೊಳಗೇ 1.1 ವೋಲ್ಟಿನ ಇನ್ನೊಂದು ರೆಫರೆನ್ಸ್ ಇದೆ. ಪ್ರೋಗ್ರಾಮಿನ ಆರಂಭದಲ್ಲಿ ಅನಲಾಗ್ ರೆಫರೆನ್ಸನ್ನು ‘ಇಂಟರ್ನಲ್’ ಎಂದು ಬದಲಿಸಿದರೆ ಅದು ಬಳಕೆಗೆ ಬರುತ್ತದೆ. ಚಿಪ್ಪಿನಿಂದ ಚಿಪ್ಪಿಗೆ ಅದು 1.0ರಿಂದ 1.2ರವರೆಗೆ ವ್ಯತ್ಯಾಸವಾಗಬಹುದಾದರೂ, ಒಂದು ಚಿಪ್ಪಿನಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟರಲ್ಲೇ ನಿಲ್ಲುತ್ತದೆ, ಚಾರ್ಜರ್ ಬದಲಾದರೆ ಕದಲುವುದಿಲ್ಲ. ನಮಗೆ ಬೇಕಾದ ಗುಣ ಇದೇ. ಬದಲಿಸಿದ ನಂತರದ ಮೊದಲ ಕೆಲವು ಅಳತೆಗಳನ್ನು ಎಸೆದುಬಿಡಿ, ರೆಫರೆನ್ಸಿಗೆಂದೇ ಇರುವ ಎರೆಫ್ (AREF) ಪಿನ್ನಿಗೆ ಹೊರಗಿನಿಂದ ಯಾವ ವೋಲ್ಟೇಜನ್ನೂ ಕೊಡಬೇಡಿ.

ಆಗ ಪಿನ್ನಿಗೆ 1.1 ವೋಲ್ಟಿಗಿಂತ ಕಡಿಮೆ ಬರಬೇಕಾದ್ದರಿಂದ ಈಗಿನ ಸೆನ್ಸರನ್ನು ಬಿಟ್ಟು, ಬ್ಯಾಟರಿಯ ಪಾಸಿಟಿವ್‌ನಿಂದ ಪಿನ್ನಿಗೆ 100 ಕಿಲೊಓಮ್, ಪಿನ್ನಿನಿಂದ ನೆಗೆಟಿವ್‌ಗೆ 6.8 ಕಿಲೊಓಮ್ ರೆಸಿಸ್ಟರ್ ಹಾಕಿ. ಎರಡೂ ಶೇಕಡಾ 1ರ ಮೆಟಲ್ ಫಿಲ್ಮ್ ಆಗಿರಲಿ. ಬೋರ್ಡಿನ ಗ್ರೌಂಡ್ ಮತ್ತು ಬ್ಯಾಟರಿಯ ನೆಗೆಟಿವ್ ಕೂಡಿರಬೇಕು. 17 ವೋಲ್ಟ್‌ವರೆಗೆ ಅಳೆಯಬಹುದು, ಒಂದೊಂದು ಪಾಲಿಗೆ ಸುಮಾರು 17 ಮಿಲಿವೋಲ್ಟ್ ಬೀಳುತ್ತದೆ. ಬ್ಯಾಟರಿಯಿಂದ ದಿನಕ್ಕೆ ಹೋಗುವುದು 3 ಮಿಲಿಆಂಪ್ ಅವರ್‌ಗಿಂತ ಕಡಿಮೆ. ಪಿನ್ನಿನ ಕಡೆಯಿಂದ ನೋಡಿದರೆ ಈ ಜೋಡಿಯ ರೋಧ 6.4 ಕಿಲೊಓಮ್ ಆಗುತ್ತದೆ. ಚಿಪ್ಪಿನ ತಯಾರಕರು 10 ಕಿಲೊಓಮ್‌ಗಿಂತ ಹೆಚ್ಚಿರಬಾರದೆನ್ನುತ್ತಾರೆ. ಅಕಸ್ಮಾತ್ 6.8ರ ಬೆಸುಗೆ ಬಿಟ್ಟುಹೋದರೂ 100 ಕಿಲೊಓಮ್ ಅಡ್ಡವಿರುವುದರಿಂದ ಚಿಪ್ಪು ಉಳಿಯುತ್ತದೆ.

ಕೊನೆಗೆ ಒಮ್ಮೆ ತಾಳೆ ನೋಡಿ. ಒಳ್ಳೆಯ ಮಲ್ಟಿಮೀಟರನ್ನು ಬ್ಯಾಟರಿಯ ಟರ್ಮಿನಲ್‌ಗಳ ಮೇಲೇ ಹಿಡಿಯಿರಿ. ಅದು 12.64 ತೋರಿಸುವಾಗ ಬೋರ್ಡಿನ ಸರಾಸರಿ ಸಂಖ್ಯೆ 749.3 ಇದ್ದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಬರುವ 0.01687 ನಿಮ್ಮ ಬೋರ್ಡಿನ ಗುಣಕ. ರೆಫರೆನ್ಸಿನ ವ್ಯತ್ಯಾಸ, ರೆಸಿಸ್ಟರುಗಳ ವ್ಯತ್ಯಾಸ ಎಲ್ಲವೂ ಅದರೊಳಗೇ ಸೇರಿಹೋಗುತ್ತವೆ.

ಪ್ರಶ್ನೆ (ಅವರೇ): ಧನ್ಯವಾದಗಳು ಸರ್, ಈಗ ಚಾರ್ಜರ್ ಬದಲಿಸಿದರೂ ಓದು ಬದಲಾಗುತ್ತಿಲ್ಲ. ಆದರೆ ತೋಟದಲ್ಲಿ ಬೇಲಿಯ ಯಂತ್ರಕ್ಕೆ ಜೋಡಿಸಿದ ಮೇಲೆ ಸಂಖ್ಯೆ ಕುಣಿಯುತ್ತದೆ, ಜೊತೆಗೆ ಮಲ್ಟಿಮೀಟರಿಗಿಂತ ಸ್ವಲ್ಪ ಕಡಿಮೆಯನ್ನೇ ತೋರಿಸುತ್ತದೆ.

ಉತ್ತರ: ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಹೊಡೆತ ಕೊಡುತ್ತದೆ, ಪ್ರತಿ ಹೊಡೆತಕ್ಕೆ ಸಿದ್ಧವಾಗಲು ಬ್ಯಾಟರಿಯಿಂದ ಕರೆಂಟ್ ಎಳೆಯುತ್ತದೆ. ಆದ್ದರಿಂದ ಒಂದೇ ಕ್ಷಣದಲ್ಲಿ ಹಲವು ಅಳತೆ ತೆಗೆದು ಪ್ರಯೋಜನವಿಲ್ಲ. ಹತ್ತು ಸೆಕೆಂಡುಗಳಷ್ಟು ಕಾಲ ಹರಡಿ ತೆಗೆದು ಸರಾಸರಿ ಮಾಡಿ. ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಕಡಿಮೆ ತೋರಿಸುವುದಕ್ಕೆ ತಂತಿ ಕಾರಣವಿರಬೇಕು. 1 ಚದರ ಮಿಲಿಮೀಟರ್ ತಾಮ್ರದ ತಂತಿ ಐದು ಮೀಟರ್ ಹೋಗಿ ಬಂದರೆ ಅದರ ರೋಧ 0.17 ಓಮ್, ಅದರಲ್ಲಿ 2 ಆಂಪಿಯರ್ ಹರಿದರೆ 0.34 ವೋಲ್ಟ್ ದಾರಿಯಲ್ಲೇ ಹೋಯಿತು. ಯಂತ್ರದ ತಂತಿಗೆ ಅಂಟಿಕೊಳ್ಳದೆ, ಬ್ಯಾಟರಿಯ ಎರಡೂ ಟರ್ಮಿನಲ್‌ಗಳಿಂದ ಅಳತೆಗೆಂದೇ ಬೇರೆ ತೆಳು ತಂತಿ ತನ್ನಿ, ಬುಡದಲ್ಲೇ ಚಿಕ್ಕ ಫ್ಯೂಸ್ ಇರಲಿ. ಹಗಲು ಸೋಲಾರ್ ಚಾರ್ಜ್ ಆಗುವಾಗ ಕಾಣುವ 14 ವೋಲ್ಟ್‌ನಿಂದ ಬ್ಯಾಟರಿಯ ಸ್ಥಿತಿ ತಿಳಿಯದು. ಬೆಳಗಿನ ಜಾವದ ಓದನ್ನು ದಿನವೂ ಬರೆದಿಡಿ, ಅದು 12.2ರ ಆಸುಪಾಸಿಗೆ ಬಂದರೆ ಅರ್ಧ ಖಾಲಿಯೆಂದು ತಿಳಿಯಬಹುದು.

ಪ್ರಶ್ನೆ (ಕಾರವಾರದ ದೋಣಿ ಮಾಲೀಕರು): ದೋಣಿಯ 12 ವೋಲ್ಟ್ ಬ್ಯಾಟರಿಗೆ ಇಎಸ್‌ಪಿ 32 ಬೋರ್ಡ್ ಹಾಕಿದ್ದೇನೆ. ಬ್ಯಾಟರಿ ಉಳಿಯಲೆಂದು 1 ಮೆಗಾಓಮ್ ಮತ್ತು 220 ಕಿಲೊಓಮ್ ರೆಸಿಸ್ಟರುಗಳನ್ನು ಬಳಸಿದೆ. ಒಂದು ತಿಂಗಳು ಸರಿಯಿತ್ತು, ಈಗ 12.6 ಇದ್ದರೂ 11.5 ಎನ್ನುತ್ತದೆ.

ಉತ್ತರ: ಉಳಿತಾಯ ಅತಿಯಾಯಿತು. ಉಪ್ಪುಗಾಳಿ ಬೋರ್ಡಿನ ಮೇಲೆ ಕೂತು ತೇವ ಹೀರಿದರೆ ಅದೂ ಒಂದು ರೆಸಿಸ್ಟರಿನಂತೆ ಕೆಲಸ ಮಾಡುತ್ತದೆ. ಆ ಪದರ 2 ಮೆಗಾಓಮ್ ಆಗಿ 220 ಕಿಲೊಓಮ್‌ಗೆ ಸಮಾಂತರ ನಿಂತರೆ 12.6 ಇದ್ದದ್ದು 11.56 ಆಗಿ ಕಾಣುತ್ತದೆ. ಅಲ್ಲಿ 100 ಮತ್ತು 15 ಕಿಲೊಓಮ್ ಇದ್ದಿದ್ದರೆ ಅದೇ ಉಪ್ಪಿಗೆ 12.52 ಆಗುತ್ತಿತ್ತು, ಅಷ್ಟೆ. ಈ ಬೆಲೆಗಳಿಗೆ ಇನ್ನೊಂದು ಲಾಭವಿದೆ: ಇಎಸ್‌ಪಿ 32ರ ಅಳತೆ ಸುಮಾರು 2.45 ವೋಲ್ಟ್ ದಾಟಿದ ಮೇಲೆ ಬಾಗುತ್ತದೆ. ನಿಮ್ಮ ಈಗಿನ ಜೋಡಿಯಲ್ಲಿ ಎಂಜಿನ್ ಚಾರ್ಜ್ ಮಾಡುವಾಗ ಪಿನ್ನಿಗೆ 2.56 ಬರುತ್ತದೆ, ಹೊಸ ಜೋಡಿಯಲ್ಲಿ 1.9 ಮೀರುವುದಿಲ್ಲ. 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಲ್ಲಿಯೂ ಬೇಕು. ವೈಫೈ ಬಳಸುವುದಾದರೆ 32ರಿಂದ 39ರೊಳಗಿನ ಪಿನ್ನನ್ನೇ ಆರಿಸಿಕೊಳ್ಳಿ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿದ ಮೇಲಷ್ಟೇ ವಾರ್ನಿಶ್ ಲೇಪ ಹಚ್ಚಿ. ಉಪ್ಪಿನ ಮೇಲೆಯೇ ಹಚ್ಚಿದರೆ ಆ ಉಪ್ಪು ಒಳಗೇ ಉಳಿಯುತ್ತದೆ.