‘ಅವರು ನಕ್ಕರು, ನನಗೆ ಅಳು ಬಂತು’: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ಬೇಸರ ಹೇಳಿಕೊಂಡಿದ್ದರು. ಗಂಡ-ಹೆಂಡತಿಯ ಕಥೆಯ ರೊಮ್ಯಾಂಟಿಕ್ ಕಾಮಿಡಿ ಅಂತ ತಾವೇ ಆಸೆಪಟ್ಟು ಟಿಕೆಟ್ ತೆಗೆದು ಪತಿಯನ್ನು ಕರೆದುಕೊಂಡು ಹೋದರು. ಅಡುಗೆಮನೆಯ ಒಂದು ದೃಶ್ಯದಲ್ಲಿ ಇವರಿಗೆ ಕಣ್ಣು ತುಂಬಿ ಬಂತು, ಪಕ್ಕದಲ್ಲಿ ಪತಿ ಬಿದ್ದು ಬಿದ್ದು ನಗುತ್ತಿದ್ದರು. ‘ಸಿನಿಮಾ ಅಷ್ಟೇ, ಯಾಕೆ ಇಷ್ಟು ತಲೆಗೆ ಹಚ್ಚಿಕೊಳ್ತೀಯಾ’ ಎಂದರಂತೆ. ಆಮೇಲೆ ಮನೆಯಲ್ಲಿ ಬಿಗುಮಾನ. ‘ನನ್ನದೇ ಅತಿಯಾಯಿತಾ?’ ಎಂಬ ಪ್ರಶ್ನೆಗೆ ಬಂದ ಕೆಲವು ಉತ್ತರಗಳು ಇಲ್ಲಿವೆ.

ಅತಿಯೇನೂ ಆಗಲಿಲ್ಲ ಬಿಡಿ ಮೇಡಂ. ನಾನೂ ಆ ಸಿನಿಮಾ ನೋಡಿದೆ. ಅವಳು ಸಿಂಕ್ ಮುಂದೆ ನಿಂತು ‘ನಾಳೆ ಸ್ಕೂಲ್ ಮೀಟಿಂಗಿಗೆ ಯಾರು ಹೋಗೋದು?’ ಅಂತ ಕೇಳುತ್ತಾಳೆ. ಅವನು ಫೋನಿನಿಂದ ತಲೆ ಎತ್ತದೆ ‘ಹೂಂ’ ಅನ್ನುತ್ತಾನೆ. ಅವಳು ನಲ್ಲಿ ನಿಲ್ಲಿಸಿ ಒಂದು ಕ್ಷಣ ಕಾಯುತ್ತಾಳೆ. ಇಡೀ ಸಿನಿಮಾದಲ್ಲಿ ಮದುವೆ ಅನ್ನೋದು ಕಂಡದ್ದು ಅಲ್ಲಿ ಮಾತ್ರ. ಅಷ್ಟರಲ್ಲಿ ಅವನ ಗೆಳೆಯ ಬಾಗಿಲು ತಳ್ಳಿಕೊಂಡು ಬಂದು ಕೇಕ್ ಮೇಲೆ ಬೀಳುತ್ತಾನೆ. ಥಿಯೇಟರ್ ತುಂಬಾ ನಗು. ಕೊನೆಗೆ ನೂರಾರು ಜನರ ಮುಂದೆ ಮೈಕ್ ಹಿಡಿದು ಅವನು ಸಾರಿ ಕೇಳುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೀಟಿಂಗಿಗೆ ಯಾರು ಹೋದರು ಅಂತ ಮಾತ್ರ ಗೊತ್ತಾಗಲೇ ಇಲ್ಲ!
– ಇಬ್ಬರು ಮಕ್ಕಳ ತಾಯಿ

ನಿಮ್ಮ ಯಜಮಾನರ ಪರ ಒಂದು ಮಾತು. ನಗೋಕೆ ಅಂತ ಹೋದವರು ನಕ್ಕರು, ತಪ್ಪೇನು? ಕೇಕ್ ಮೇಲೆ ಬಿದ್ದಾಗ ನಾನೂ ನಕ್ಕೆ. ಪಕ್ಕದಲ್ಲಿ ಹೆಂಡತಿ ಅಳುತ್ತಿದ್ದರೆ ಕತ್ತಲಲ್ಲಿ ಹೇಗೆ ಕಾಣಬೇಕು?
– ಒಬ್ಬ ಗಂಡ

ಸಿನಿಮಾದವರ ಕಷ್ಟ ಬೇರೆ. ಪ್ರೇಮಿಗಳ ಕಥೆ ಇಬ್ಬರೂ ಒಂದಾದರೆ ಮುಗಿಯಿತು. ಮದುವೆಯಾದವರು ಆಗಲೇ ಒಂದಾಗಿದ್ದಾರೆ, ಮುಂದೇನು? ಅದಕ್ಕೇ ಮೊದಲು ಅವರನ್ನು ದೂರ ಮಾಡಿ, ಮತ್ತೆ ಹುಡುಗ-ಹುಡುಗಿ ಮಾಡಿ ಓಡಿಸುತ್ತಾರೆ. ಇದು ಹಳೆಯ ದಾರಿ. ಹಾಲಿವುಡ್‌ನಲ್ಲಿ 1934ರಿಂದ ಪ್ರೊಡಕ್ಷನ್ ಕೋಡ್, ಅಂದರೆ ತೆರೆಯ ಮೇಲೆ ಏನು ತೋರಿಸಬಹುದು, ಏನು ತೋರಿಸಬಾರದು ಎಂಬ ನಿಯಮಾವಳಿ, ಬಿಗಿಯಾಗಿ ಜಾರಿಗೆ ಬಂತು. ಮದುವೆಯಾಚೆಯ ಸಂಬಂಧವನ್ನು ತಮಾಷೆಯಾಗಿ ತೋರಿಸುವ ಹಾಗಿರಲಿಲ್ಲ. ಗಂಡ-ಹೆಂಡತಿಗೂ ತೆರೆಯ ಮೇಲೆ ಸಾಮಾನ್ಯವಾಗಿ ಬೇರೆ ಬೇರೆ ಮಂಚ! ವಿಚ್ಛೇದನ ಕೊಡಿಸಿಬಿಟ್ಟರೆ ಇಬ್ಬರೂ ಬೇರೆಯವರ ಜೊತೆ ಓಡಾಡಬಹುದು, ಕೊನೆಗೆ ಮತ್ತೆ ಸೇರಬಹುದು. ಇಂಥ ಏಳು ಚಿತ್ರಗಳ ಬಗ್ಗೆ ಸ್ಟ್ಯಾನ್ಲಿ ಕ್ಯಾವೆಲ್ ಎಂಬ ತತ್ವಶಾಸ್ತ್ರದ ಪ್ರೊಫೆಸರ್ 1981ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಅವುಗಳಲ್ಲಿ 1937ರ ‘ದಿ ಆಫುಲ್ ಟ್ರೂತ್’ ಸಿಕ್ಕರೆ ನೋಡಿ. ಕೋರ್ಟಿನಲ್ಲಿ ನಾಯಿ ಯಾರಿಗೆ ಅಂತ ಜಗಳ. ಆಮೇಲೆ ಅವಳು ಗಂಡನ ಹೊಸ ಹುಡುಗಿಯ ಮನೆಗೆ ಹೋಗಿ, ಅವನ ಸೋದರಿ ಅಂತ ಹೇಳಿಕೊಂಡು ಮಾನ ಕಳೆಯುತ್ತಾಳೆ. ಅವನಿಗೆ ಗಾಬರಿ, ಆದರೂ ಮಜಾ. ಆ ಕೋಣೆಯಲ್ಲಿ ಅವಳ ತಮಾಷೆ ಅರ್ಥವಾಗುವುದು ಅವನೊಬ್ಬನಿಗೇ. ಇವರು ಮತ್ತೆ ಸೇರುತ್ತಾರೆ ಅಂತ ನಮಗೆ ನಂಬಿಕೆ ಬರುವುದು ಅಲ್ಲಿ, ಯಾವ ಭಾಷಣವೂ ಬೇಕಾಗುವುದಿಲ್ಲ. ಕೋಡ್ 1968ರಲ್ಲೇ ಹೋಯಿತು. ಈಗಿನವರು ಆ ದಾರಿ ಉಳಿಸಿಕೊಂಡು ಜಾಣತನ ಬಿಟ್ಟಿದ್ದಾರೆ.
– ಹಳೆ ಸಿನಿಮಾ ಹುಚ್ಚಿನವರು

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ನಾನೇ ಆಸೆಪಟ್ಟು ಟಿಕೆಟ್ ತೆಗೆದೆ’ ಅನ್ನೋ ಮಾತು. ನೀವು ಹೇಳಲಾಗದ್ದನ್ನು ಸಿನಿಮಾ ಹೇಳಲಿ ಅಂತ ಕರೆದುಕೊಂಡು ಹೋದಿರಿ, ಅಲ್ವಾ ಮಗಳೇ? ಅದು ಹೇಳಲಿಲ್ಲ. ಇನ್ನು ನೀವೇ ಬಾಯಿ ಬಿಡಬೇಕು. ‘ಸಿನಿಮಾ ಚೆನ್ನಾಗಿರಲಿಲ್ಲ’ ಅಂತ ಶುರು ಮಾಡಬೇಡಿ. ಅವರು ಸುಮ್ನೆ ಸಿನಿಮಾದ ಪರ ವಾದ ಮಾಡುತ್ತಾರೆ, ಮಾತು ಎಲ್ಲೋ ಹೋಗುತ್ತದೆ. ‘ಆ ಹೂಂ ಕೇಳಿ ನನಗೆ ನಾವೇ ನೆನಪಾದೆವು’ ಅನ್ನಿ. ಅವರು ಮತ್ತೆ ‘ಹೂಂ’ ಅಂದರೆ ಆಗ ನನಗೆ ಇನ್ನೊಂದು ಪತ್ರ ಬರೆಯಿರಿ, ಬೇರೆ ಥರ ಉತ್ತರ ಕೊಡುತ್ತೇನೆ.
– ನಿವೃತ್ತ ಶಿಕ್ಷಕಿ

ಗಂಡ-ಹೆಂಡತಿ ಕಥೆಯ ಸಿನಿಮಾಕ್ಕೆ ಜೊತೆಯಲ್ಲಿ ಹೋಗುವುದನ್ನೇ ನಾವು ಬಿಟ್ಟಿದ್ದೇವೆ. ದೆವ್ವದ ಸಿನಿಮಾಕ್ಕೆ ಹೋಗುತ್ತೇವೆ. ಅಲ್ಲಿ ಇಬ್ಬರೂ ಒಂದೇ ಜಾಗದಲ್ಲಿ ಕಿರುಚುತ್ತೇವೆ.
– ಹೆಸರು ಬೇಡ