ಊರಿನ ಮೈದಾನದಾಗ ಮಗಳ ಮೊದಲ ಕಾನ್ಸರ್ಟ್

ಕರ್ಕೊಂಡು ಹೋಗ್ರಿ ಅಕ್ಕಾ, ಧಾರಾಳ ಕರ್ಕೊಂಡು ಹೋಗ್ರಿ. ಹೊರದೇಶದಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ, ಆರು ವರ್ಷದ ಮಗಳನ್ನು ಪಾಪ್ ಸಂಗೀತ ಕಾರ್ಯಕ್ರಮಕ್ಕೆ ಕರೆದೊಯ್ಯಬಹುದಾ ಅಂತ ನೀವು ಕೇಳಿದ್ದಕ್ಕೆ ಇಷ್ಟು ಬರೆದು ಸುಮ್ಮನಾಗಬಹುದಿತ್ತು. ಆದರೆ ಬಂದ ಉತ್ತರಗಳನ್ನೆಲ್ಲ ಓದಿದ ಮೇಲೆ ಉದ್ದಕ್ಕೇ ಬರೆಯಬೇಕು ಅನ್ನಿಸಿತು. ಹತ್ತು ವರ್ಷ ತುಂಬುವ ತನಕ ಬೇಡ ಅಂತ ಕೆಲವರು ಹೇಳಿದ್ದೀರಿ. ಮೊದಲು ಶಾಸ್ತ್ರೀಯ ಸಂಗೀತ ಕೇಳಿಸಿ, ಅಭಿರುಚಿ ಬೆಳೆಯಲಿ, ಆಮೇಲೆ ಇವೆಲ್ಲ ಅಂತ ಇನ್ನು ಕೆಲವರು. ಎರಡೂ ಮಾತು ನಮ್ಮ ಮನೆಯಲ್ಲೂ ಬಂದಿದ್ದವು.

ನನ್ನದು ಇನ್ನೊಂದು ಮಾತಿದೆ. ಆ ಮೊದಲ ಕಾರ್ಯಕ್ರಮ ನೀವಿರುವ ದೇಶದ ದೊಡ್ಡ ಅರೀನಾದಲ್ಲಿ ಆಗುವುದಕ್ಕಿಂತ, ರಜೆಗೆ ಬಂದಾಗ ನಮ್ಮೂರಿನ ಬಯಲಿನಲ್ಲಿ ಆಗಲಿ. ನಾವಿರುವುದು ಇಂಗ್ಲೆಂಡಿನಲ್ಲಿ, ನನ್ನ ತವರು ಧಾರವಾಡದ ಮಾಳಮಡ್ಡಿ. ಕ್ರಿಸ್‌ಮಸ್ ರಜೆಗೆ ಬಂದಾಗ ಹುಬ್ಬಳ್ಳಿಯಲ್ಲಿ ಸಿನಿಮಾ ಗಾಯಕರ ರಸಮಂಜರಿ ಇತ್ತು. ಡ್ರಮ್ಸು, ಗಿಟಾರು, ಬಣ್ಣದ ಬೆಳಕು, ಕುಣಿಯುವ ಹುಡುಗರು, ಎಲ್ಲ ಇದ್ದ ದೊಡ್ಡ ಕಾರ್ಯಕ್ರಮ. ಮಗಳು ಶಾಲೆಯ ಗೆಳತಿಯರ ಬಾಯಲ್ಲಿ ಕಾನ್ಸರ್ಟ್ ಕಾನ್ಸರ್ಟ್ ಅಂತ ಕೇಳಿ ಕೇಳಿ ಒಂದೇ ಸಮ ಗಂಟುಬಿದ್ದಿದ್ದಳು.

ಅಪ್ಪನಿಗೆ ಇದು ಸರಿ ಬರಲಿಲ್ಲ. "ಧಾರವಾಡಕ್ಕ ಬಂದು ಇದನ್ನೇನ್ ಕೇಳಸ್ತೀ ಯವ್ವಾ ಆಕಿಗೆ? ಕುಂದಗೋಳಕ್ಕ ಕರಕೊಂಡ್ ಹೋಗು. ಹಿಂದುಸ್ತಾನಿ ಹಾಡುಗಾರ ಸವಾಯಿ ಗಂಧರ್ವರ ಊರು ಅದು, ಅದನ್ನ ತೋರಸು" ಅಂದರು. ಅಪ್ಪನ ಮಾತನ್ನು ತಳ್ಳಿಹಾಕುವಂತಿಲ್ಲ. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಊರು ಮನ್ಸೂರು ಇಲ್ಲಿಂದ ಕೂಗಳತೆಯಲ್ಲಿದೆ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳ ಕೈಗೆ ಸಂಗೀತ ಕೊಟ್ಟರು. ಇಂಥ ಸೀಮೆಯಲ್ಲಿ ಹುಟ್ಟಿದವರು ಮಕ್ಕಳಿಗೆ ಇದನ್ನು ದಾಟಿಸಲೇಬೇಕು.

ಆದರೆ ಅಪ್ಪನೇ ನನಗೆ ಚಿಕ್ಕಂದಿನಲ್ಲಿ ಹೇಳಿದ ಭೀಮಸೇನ ಜೋಶಿಯವರ ಕತೆಯನ್ನು ನಾನು ಅಪ್ಪನಿಗೇ ನೆನಪು ಮಾಡಿಕೊಟ್ಟೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಆ ಹುಡುಗ, ಓಣಿಯಲ್ಲಿ ಬ್ಯಾಂಡಿನ ಮೆರವಣಿಗೆ ಬಂದರೆ ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದರು. ನಡೆದು ನಡೆದು ದಣಿದರೆ ಅಲ್ಲೇ ಎಲ್ಲೋ ಮಲಗಿಬಿಡೋದು. ಹುಡುಕಿ ಹುಡುಕಿ ಸಾಕಾದ ತಂದೆ ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಅಂತ ಬರೆದರು, ಕಂಡವರು ಮನೆ ಮುಟ್ಟಿಸಲಿ ಅಂತ. ಮುಂದೆ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡು ಕೇಳಿದ ಹುಚ್ಚಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟೇ ಹೋದರು. ಗಂಗೂಬಾಯಿಯವರೂ ಹುಡುಗಿಯಾಗಿದ್ದಾಗ ಗ್ರಾಮಫೋನ್ ಹಾಡು ಕಿವಿಗೆ ಬಿದ್ದರೆ ಬೀದಿಗೆ ಓಡುತ್ತಿದ್ದರಂತೆ. ಇವರ ಮನೆಗಳಲ್ಲಿ ಸಂಗೀತ ಇರಲಿಲ್ಲ ಅಂತಲ್ಲ. ಬೀದಿಯ ಬ್ಯಾಂಡಿಗೂ ರೆಕಾರ್ಡಿಗೂ ಆ ಮಕ್ಕಳ ಮೈ ಜುಂ ಅಂದಿತ್ತು. ಮೈ ಜುಂ ಅನ್ನುವುದು ಮೊದಲು ಆಗಬೇಕು. ರಾಗ ಯಾವುದು, ಘರಾಣೆ (ಹಾಡುವ ಪರಂಪರೆ) ಯಾವುದು ಅನ್ನುವ ವಿಚಾರ ಆಮೇಲೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, "ಆತು, ಎರಡೂ ಮಾಡ್ರಿ ಹಂಗಾರ" ಅಂದರು. ಕುಂದಗೋಳಕ್ಕೂ ಹೋಗಿ ಬಂದೆವು.

ಇನ್ನು ಕಿವಿಯ ವಿಷಯ. ಇದರಲ್ಲಿ ಮಾತ್ರ ನಾನು ಯಾರ ಜೊತೆಯೂ ರಾಜಿಯಾಗುವುದಿಲ್ಲ. ಹೋಳಿ ಹಬ್ಬಕ್ಕೆ ಜಗ್ಗಲಗಿ ಅನ್ನುವ ದೊಡ್ಡ ಚರ್ಮವಾದ್ಯ ಬಾರಿಸುವ ಊರು ಹುಬ್ಬಳ್ಳಿ, ಗಣಪತಿ ಕಳಿಸುವಾಗ ಡಿಜೆ, ಮದುವೆಗೆ ಬ್ಯಾಂಡು; ಇಲ್ಲಿ ಬೆಳೆದ ಮಕ್ಕಳಿಗೆ ಸಪ್ಪಳ ರೂಢಿ ಆಗಿರುತ್ತದೆ ಅಂತ ಬಹಳ ಮಂದಿ ಹೇಳುತ್ತಾರೆ. ಕಿವಿಗೆ ರೂಢಿ ಅನ್ನುವುದಿಲ್ಲ. ಒಳಕಿವಿಯಲ್ಲಿ ಸುಮಾರು 15,000 ಸೂಕ್ಷ್ಮ ಕೂದಲ ಜೀವಕೋಶಗಳಿರುತ್ತವೆ. ಭಾರೀ ಸದ್ದಿಗೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮಗುವಿನ ಕಿವಿಯ ನಾಳ ಸಣ್ಣದಾದ್ದರಿಂದ ಏರುಸ್ವರದ ಸದ್ದು ನಮಗಿಂತ ಜೋರಾಗಿ ಒಳಗೆ ಮುಟ್ಟುತ್ತದೆ.

ಸದ್ದನ್ನು ಅಳೆಯುವುದು ಡೆಸಿಬಲ್ ಲೆಕ್ಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ: ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ನಡೆದೀತು, ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬಲ್ ಮಾತ್ರ. ಸದ್ದು ಬರೀ 3 ಡೆಸಿಬಲ್ ಏರಿದರೆ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ಕಾರ್ಖಾನೆಯಲ್ಲಿ ದುಡಿಯುವವರಿಗೆ ದುಡಿಯುವವರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ (NIOSH) ಸಂಸ್ಥೆ ಹಾಕಿದ ಮಿತಿ 85 ಡೆಸಿಬಲ್‌ಗೆ 8 ಗಂಟೆ. ಅದೇ ಲೆಕ್ಕದಲ್ಲಿ 100 ಡೆಸಿಬಲ್‌ಗೆ 15 ನಿಮಿಷ. ಕಾರ್ಯಕ್ರಮ ನಡೆಸುವವರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮೇಲ್ಮಿತಿಯೇ 15 ನಿಮಿಷದ ಸರಾಸರಿ 100 ಡೆಸಿಬಲ್. ಅಂದಮೇಲೆ ಎರಡು ತಾಸಿನ ಹಾಡಿಗೆ ಕೂಸನ್ನು ಬರಿಗಿವಿಯಲ್ಲಿ ಕೂಡಿಸುವುದು ಆಗದ ಮಾತು.

ಅದಕ್ಕೇ ಇಯರ್‌ಮಫ್ ಬೇಕು, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ಮಕ್ಕಳ ಅಳತೆಯದು. ಪೆಟ್ಟಿಗೆಯ ಮೇಲೆ ಎಸ್‌ಎನ್‌ಆರ್ ಅಂತ, ಸದ್ದು ಎಷ್ಟು ಡೆಸಿಬಲ್ ತಗ್ಗುತ್ತದೆ ಅಂತ ಹೇಳುವ ಒಂದು ಅಂಕಿ ಇರುತ್ತದೆ, 25ರ ಆಸುಪಾಸು ಇದ್ದರೆ ಸಾಕು. ಸರಿಯಾಗಿ ಕೂತರೆ 95 ಡೆಸಿಬಲ್ ಕಿವಿ ಮುಟ್ಟುವ ಹೊತ್ತಿಗೆ 70ರ ಹತ್ತಿರಕ್ಕೆ ಇಳಿದಿರುತ್ತದೆ. ಹತ್ತಿ ತುರುಕಿದರೆ ಏನೂ ಉಪಯೋಗ ಇಲ್ಲ. ಸ್ಪಂಜಿನ ಇಯರ್‌ಪ್ಲಗ್ಗನ್ನು ಸಣ್ಣ ಮಕ್ಕಳು ತೆಗೆದು ಬಾಯಿಗೆ ಹಾಕಿಕೊಂಡಾರು. ವಿಮಾನದಲ್ಲಿ ಹಾಕುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಈ ಕೆಲಸಕ್ಕೆ ಮಾಡಿದ್ದಲ್ಲ. ನೀವಿರುವ ಊರಿನಿಂದಲೇ ಇಯರ್‌ಮಫ್ ಕೊಂಡು ಬ್ಯಾಗಿಗೆ ಹಾಕಿ, ಬರುವ ಮೊದಲು ಮನೆಯಲ್ಲಿ ಮಿಕ್ಸರ್ ಹಚ್ಚಿದಾಗ, ವ್ಯಾಕ್ಯೂಮ್ ಓಡಿಸುವಾಗ ಹಾಕಿಸಿ ರೂಢಿ ಮಾಡಿಸಿ. ಹೊಸದಾಗಿ ಅಲ್ಲೇ ತಲೆಗೇರಿಸಿದರೆ ಮಕ್ಕಳು ಕಿತ್ತು ಎಸೆಯುತ್ತಾರೆ.

ಇನ್ನೊಂದು ಸಂಗತಿ ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಮೊಮ್ಮಗಳು ಕಾರ್ಯಕ್ರಮಕ್ಕೆ ಹೊರಟಳು ಅಂತ ಅವ್ವ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿ, ಕಿವಿಗೆ ದೊಡ್ಡ ಜುಮಕಿ ಇಟ್ಟಿದ್ದಳು. ಜುಮಕಿ, ಕಿವಿಯ ಮೇಲೆ ಬಂದ ಜಡೆ, ಕನ್ನಡಕದ ಕಡ್ಡಿ, ಇವು ಏನಿದ್ದರೂ ಇಯರ್‌ಮಫ್ಫಿನ ಅಂಚು ಚರ್ಮಕ್ಕೆ ಕೂಡುವುದಿಲ್ಲ, ಸದ್ದು ಸಂದಿಯಿಂದ ನುಗ್ಗುತ್ತದೆ. ಜುಮಕಿ ತೆಗೆಸಿ, ಜಡೆ ಹಿಂದಕ್ಕೆ ಕಟ್ಟಿಸಿದೆ. ಅವ್ವನಿಗೆ ಬೇಸರ ಆಯಿತು. ಯಾಕೆ ಅಂತ ಬಿಡಿಸಿ ಹೇಳಿದ ಮೇಲೆ ಆಕೆಯೇ ಜುಮಕಿಯನ್ನು ಪರ್ಸಿನಲ್ಲಿ ಇಟ್ಟುಕೊಂಡಳು, "ಬರೂಮುಂದ ಹಾಕ್ತೀನಿ" ಅಂತ.

ಕೂಡುವ ಜಾಗ ಇಯರ್‌ಮಫ್ಫಿನಷ್ಟೇ ಮುಖ್ಯ. ಪರಿಚಯದವರು ಮುಂದಿನ ಸಾಲಿನ ಪಾಸು ಕೊಟ್ಟರೆ ಕೈಮುಗಿದು ವಾಪಸು ಕೊಡಿ. ಮುಂದಿನ ಸಾಲು ಅಂದರೆ ಬಾಕ್ಸುಗಳ ಬಾಯಿ. ಬಯಲಿನಲ್ಲಿ ಸ್ಪೀಕರ್‌ನಿಂದ ದೂರ ಸರಿದಷ್ಟೂ ಸದ್ದು ತಗ್ಗುತ್ತದೆ, ಮೇಲೆ ಚಾವಣಿ ಇಲ್ಲ, ಗೋಡೆಗೆ ಬಡಿದು ತಿರುಗಿ ಬರುವುದಿಲ್ಲ. ನಿಯೋಷ್‌ದೇ ಒಂದು ಉಚಿತ ಆಪ್ ಐಫೋನ್‌ಗೆ ಸಿಗುತ್ತದೆ. ಅದರಲ್ಲಿ ನೋಡಿದಾಗ ಸ್ಟೇಜಿನ ಹತ್ತಿರ 100 ದಾಟಿದ್ದು, ನಾವು ಕೂತಿದ್ದ ಹಿಂದಿನ ಅಂಚಿನಲ್ಲಿ 90ರ ಒಳಗಿತ್ತು. ನಾನು ಊರಿನ ಮೈದಾನವೇ ಆಗಲಿ ಅನ್ನುವುದಕ್ಕೆ ಇದೂ ಒಂದು ಕಾರಣ. ಅರೀನಾದಲ್ಲಿ ಟಿಕೆಟ್ಟಿನ ಮೇಲೆ ಬರೆದ ಕುರ್ಚಿಯಲ್ಲೇ ಕೂಡಬೇಕು, ನಡುವೆ ಎದ್ದು ಬರಲು ಇಡೀ ಸಾಲನ್ನು ಎಬ್ಬಿಸಬೇಕು, ದುಬಾರಿ ಟಿಕೆಟ್ಟು ಅನ್ನುವ ಕಾರಣಕ್ಕೆ ಮಗು ಅತ್ತರೂ ಹಿಡಿದು ಕೂಡಿಸುವ ಮನಸ್ಸಾಗುತ್ತದೆ. ನಮ್ಮ ಬಯಲಿನಲ್ಲಿ ಎದ್ದು ನಡೆದರೆ ಆಯಿತು.

ಹೊತ್ತಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಆಮಂತ್ರಣದಲ್ಲಿ ಸಂಜೆ ಆರು ಅಂತ ಇದ್ದರೆ ದೀಪ ಹಚ್ಚುವುದು, ಸ್ವಾಗತ, ಸನ್ಮಾನ, ಭಾಷಣ ಮುಗಿದು ಹಾಡು ಶುರುವಾಗುವಾಗ ಎಂಟಾದರೂ ಆಗುತ್ತದೆ. ಬಯಲಿನ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು ಅನ್ನುವುದು 2000ದ ಶಬ್ದ ಮಾಲಿನ್ಯ ನಿಯಮ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ 12ರ ತನಕ ಬಿಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮಧ್ಯಾಹ್ನ ಮಗುವನ್ನು ಮಲಗಿಸಿ, ಮನೆಯಲ್ಲೇ ಉಣಿಸಿ, ಶೌಚಕ್ಕೆ ಕಳಿಸಿ, ತಡವಾಗಿಯೇ ಹೊರಡಿ. ನಮ್ಮ ಮೈದಾನಗಳಲ್ಲಿ ಹೆಣ್ಣುಮಕ್ಕಳ ಶೌಚಾಲಯ ಇನ್ನೂ ದೊಡ್ಡ ಕೊರತೆ, ಇದು ಸುಧಾರಿಸಲೇಬೇಕು. ಸ್ವೆಟರ್ ಮರೆಯಬೇಡಿ, ಧಾರವಾಡದ ಡಿಸೆಂಬರ್ ರಾತ್ರಿ ಚಳಿ ಕಡಿಯುತ್ತದೆ. ಫಿಟ್ಸ್ ಇರುವ ಮಕ್ಕಳಿಗೆ ಮಿಣಮಿಣ ಬಡಿಯುವ ಬೆಳಕು ತೊಂದರೆ ಮಾಡಬಹುದು, ಡಾಕ್ಟರನ್ನು ಮೊದಲೇ ಕೇಳಿ.

ಜನಸಂದಣಿಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. 2021ರ ನವೆಂಬರ್‌ನಲ್ಲಿ ಅಮೆರಿಕದ ಹ್ಯೂಸ್ಟನ್‌ನ ಸಂಗೀತ ಉತ್ಸವದಲ್ಲಿ ನೂಕುನುಗ್ಗಲಿಗೆ 10 ಜನ ಬಲಿಯಾದರು, ಅವರಲ್ಲಿ ತಂದೆಯ ಹೆಗಲ ಮೇಲೆ ಕೂತಿದ್ದ 9 ವರ್ಷದ ಹುಡುಗನೂ ಇದ್ದ. ಹಾಗಾಗಿ ಗದ್ದಲದ ನಡುವೆ ಮಗುವನ್ನು ಹೆಗಲ ಮೇಲೆ ಹೊರುವುದು ನಮ್ಮಲ್ಲಿ ಇಲ್ಲ. ಕೊನೆಯ ಸಾಲಿನ ಬದಿಯಲ್ಲಿ, ಹೊರಹೋಗುವ ದಾರಿ ಕಣ್ಣಿಗೆ ಕಾಣುವ ಕಡೆ ನಿಲ್ಲುತ್ತೇವೆ. ನನ್ನ ಫೋನ್ ನಂಬರನ್ನು ಅವಳ ಮುಂಗೈ ಮೇಲೆ ಪೆನ್ನಿನಿಂದ ಬರೆದೆ. ಅಪ್ಪ ನೋಡಿ, "ಜೋಶಿ ಮಾಸ್ತರರು ಮಾಡಿದ್ದನ್ನ ನೀನೂ ಮಾಡಿದಿ ನೋಡು" ಅಂದರು.

ಹೋಗುವಾಗ ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋದೆವು, ಅವಳಿಗೆ ಅದೇ ಅರ್ಧ ಸಂಭ್ರಮ. ಮೊದಲ ಹಾಡಿಗೆ ಅವಳು ನನ್ನ ಸೀರೆಯ ಸೆರಗು ಹಿಡಿದು ಅಲುಗಾಡದೆ ನಿಂತಿದ್ದಳು. ಎದೆಗೆ ಬಡಿಯುವ ಆ ಡ್ರಮ್ಮಿನ ಪೆಟ್ಟನ್ನು ಇಯರ್‌ಮಫ್ ತಡೆಯುವುದಿಲ್ಲ, ಅದು ಮೈಗೇ ಬರುತ್ತದೆ. ಅಂಜಿದಳೇನೋ ಅಂತ ಎತ್ತಿಕೊಳ್ಳಲು ಬಗ್ಗಿದರೆ ಬೇಡ ಅಂತ ಕೈ ಮಾಡಿದಳು. ಮೂರನೆಯದೋ ನಾಲ್ಕನೆಯದೋ, ನಮ್ಮ ಕಾರಿನಲ್ಲಿ ಶಾಲೆಗೆ ಹೋಗುವಾಗ ದಿನಾ ಹಾಕುವ ಹಾಡು ಬಂತು. ಇಡೀ ಮೈದಾನ ಒಟ್ಟಿಗೆ ಹಾಡಿತು. ಕಡಲೆ ಮಾರುವವನು, ಬಂದೋಬಸ್ತಿಗೆ ನಿಂತಿದ್ದ ಪೊಲೀಸ್ ಅಕ್ಕ, ಕಾಲೇಜು ಹುಡುಗರು, ನೌವಾರಿ ಸೀರೆ ಉಟ್ಟ ಮುದುಕಿ, ಎಲ್ಲರ ಬಾಯಲ್ಲೂ ಅದೇ ಸಾಲು. ಮಗಳು ನನ್ನ ಕಡೆ ತಿರುಗಿ ಕೂಗಿದಳು, "ಅಮ್ಮಾ, ಇವರಿಗೆಲ್ಲಾ ನಮ್ಮ ಹಾಡು ಬರ್ತದ!"

ಇದಕ್ಕೇ ಊರಿನ ಮೈದಾನ ಅಂದೆ ಅಕ್ಕಾ. ಹೊರದೇಶದಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಅಂದರೆ ಅಪ್ಪ ಅಮ್ಮ, ವಿಡಿಯೋ ಕಾಲ್‌ನ ಅಜ್ಜ ಆಯಿ, ಯುಗಾದಿಗೆ ರಾಜ್ಯೋತ್ಸವಕ್ಕೆ ಬಾಡಿಗೆ ಹಾಲಿನಲ್ಲಿ ಸೇರುವ ನಾವೊಂದಿಷ್ಟು ಮಂದಿ. ಕನ್ನಡ ಕಲಿ ತರಗತಿಗೆ ಕಳಿಸುತ್ತೇವೆ, ಪದ್ಯ ಬಾಯಿಪಾಠ ಮಾಡಿಸುತ್ತೇವೆ, ಅದೆಲ್ಲ ಬೇಕು. ಆದರೆ ಸಾವಿರಾರು ಜನ, ಗುರುತಿಲ್ಲದವರು, ಯಾರೂ ಒತ್ತಾಯ ಮಾಡದೆ, ಖುಷಿಗೆ ಕನ್ನಡದಲ್ಲಿ ಕೂಗಿ ಹಾಡುವುದನ್ನು ನಾವು ಅಲ್ಲಿ ಎಷ್ಟೇ ದುಡ್ಡು ಕೊಟ್ಟರೂ ತೋರಿಸಲಾರೆವು. ಆ ರಾತ್ರಿಯ ನಂತರ ಪಕ್ಕದ ಮನೆಯ ಹುಡುಗಿಯರ ಜೊತೆ ಅವಳು ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಜಗಳ ಮಾಡತೊಡಗಿದಳು. ನನಗೆ ಅದರ ಸಂತೋಷ ಹೇಳತೀರದು.

ಸಾಹಿತ್ಯ ಚೆನ್ನಾಗಿರುವುದಿಲ್ಲ, ಕುಣಿತ ಮಕ್ಕಳು ನೋಡುವಂಥದ್ದಲ್ಲ ಅಂತ ಒಬ್ಬ ಅಣ್ಣ ಬರೆದಿದ್ದಾರೆ. ಕೆಲವು ಹಾಡು ಹಾಗಿರುವುದು ನಿಜ. ಬರುವ ಗಾಯಕರ ಹಿಂದಿನ ಕಾರ್ಯಕ್ರಮಗಳನ್ನು ಯೂಟ್ಯೂಬಿನಲ್ಲಿ ನೋಡಿಕೊಂಡು ಹೋದರೆ ಅಂದಾಜು ಸಿಗುತ್ತದೆ. ಅಂಥದ್ದೊಂದು ಬಂದರೆ ಹೊರಗೆ ಗಿರ್ಮಿಟ್ ತಿನ್ನಲು ಕರೆದುಕೊಂಡು ಹೋಗಿ, ಮಿರ್ಚಿ ಭಜಿ ಆಕೆಗೆ ಖಾರ ಆದೀತು.

ನಾವು ಪೂರ್ತಿ ಮುಗಿಯುವ ತನಕ ಇರಲಿಲ್ಲ. ಅವಳು ಕಣ್ಣು ತಿಕ್ಕಿಕೊಂಡಳು, ಎದ್ದೆವು, ತಮ್ಮ ಕಾರು ತಂದಿದ್ದ. ದೊಡ್ಡವರಿಗೆ ಇನ್ನೊಂದು ಹಾಡು ಕೇಳುವ ಆಸೆ ಇದ್ದೇ ಇರುತ್ತದೆ, ಅದಕ್ಕೆ ಇನ್ನೊಮ್ಮೆ ಮಕ್ಕಳನ್ನು ಬಿಟ್ಟು ಹೋಗಬಹುದು. ಮರುದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿದೆಯಾ ಅಂತ ಕೇಳಿ ನೋಡಿ. ಅನ್ನುತ್ತಿದ್ದರೆ ಸದ್ದು ಮಿತಿ ಮೀರಿತ್ತು ಅಂತಲೇ ಅರ್ಥ, ಕಡಿಮೆಯಾಗದಿದ್ದರೆ ಕಿವಿಯ ಡಾಕ್ಟರಿಗೆ ತೋರಿಸಬೇಕು.

ನಾವಿರುವ ಹೊರದೇಶದಲ್ಲೇ ನೋಡಿಸಬೇಕು ಅನ್ನುವವರು ಟಿಕೆಟ್ ಕೊಳ್ಳುವ ಮೊದಲು ವಯಸ್ಸಿನ ನಿಯಮ ಓದಿ. ಇಂಗ್ಲೆಂಡಿನ ಬಹಳಷ್ಟು ಕಡೆ ನಿಂತು ನೋಡುವ ಜಾಗಕ್ಕೆ 14 ವರ್ಷದ ಒಳಗಿನವರನ್ನು ಬಿಡುವುದಿಲ್ಲ, ಕುರ್ಚಿಯ ಟಿಕೆಟ್ಟೇ ತೆಗೆಯಬೇಕು. ಡಿಸೆಂಬರ್‌ನಲ್ಲಿ ಹುಬ್ಬಳ್ಳಿ ಧಾರವಾಡದ ಕಡೆ ಬರುವವರಿದ್ದರೆ ನನಗೆ ಮೆಸೇಜ್ ಮಾಡಿ. ಮಗಳ ಇಯರ್‌ಮಫ್ ಮಾಳಮಡ್ಡಿಯ ಮನೆಯಲ್ಲೇ ಇದೆ, ಐದರಿಂದ ಎಂಟು ವರ್ಷದ ಮಕ್ಕಳಿಗೆ ಆಗುತ್ತದೆ. ಅವ್ವನಿಗೆ ಹೇಳಿಟ್ಟಿದ್ದೇನೆ, ಹೋಗಿ ಇಸಗೊಂಡು ಬರ್ರಿ.