ಸೀನನ ರೀಲು, ರಾಯರ ಜಾಮೂನು

"ಲೋ ಸೀನ, ಮೊದಲು ಆ ಫೋನು ಕವುಚಿ ಹಾಕು. ಆಮೇಲೆ ಕಾಫಿ," ಅಂದರು ರಾಯರು.

"ಯಾಕೆ ರಾಯರೇ, ಏನಾಯ್ತು?"

"ಆಗೋದೇನು? ಬೆಣ್ಣೆ ದೋಸೆ ತೋರಿಸ್ತೀನಿ ಅಂತ ರೀಲು ಬಿಟ್ಟೆಯಲ್ಲ, ಅದರಲ್ಲಿ ದೋಸೆ ಕಾಣೋದು ಮೂರು ಸೆಕೆಂಡು. ಹಿಂದೆ ಕೂತು ನಾನು ಜಾಮೂನು ನುಂಗೋದು ಹನ್ನೆರಡು ಸೆಕೆಂಡು! ನಮ್ಮ ಮನೆಯವಳು ನಿಲ್ಲಿಸಿ ನಿಲ್ಲಿಸಿ ನೋಡಿ ಎಷ್ಟು ನುಂಗಿದೆ ಅಂತ ಲೆಕ್ಕ ಹಾಕಿದಾಳೆ. ಈಗ ಮನೇಲಿ ಮೆಂತ್ಯದ ನೀರು ಬಿಟ್ಟರೆ ಬೇರೇನೂ ಹುಟ್ಟೋದಿಲ್ಲ."

"ಕ್ಯಾಂಡಿಡ್ ರಾಯರೇ! ಹೇಳಿ ತೆಗೆದಿದ್ರೆ ಅಷ್ಟು ನ್ಯಾಚುರಲ್ಲಾಗಿ ಬರ್ತಿತ್ತಾ? ಓನರ್‌ನ ಕೇಳೇ ತೆಗೆದಿದ್ದು."

ವಾಸು ಲೋಟ ಕೆಳಗಿಟ್ಟ. "ಓನರ್ ಹೂಂ ಅಂದಿದ್ದು ಅವನ ಗೋಡೆಗೆ, ಮೇಜಿಗೆ, ಬೋರ್ಡಿಗೆ. ರಾಯರ ಬಾಯಿ ಅವನ ಆಸ್ತಿಯಲ್ಲ. ಜಾಗಕ್ಕೆ ಒಂದು ಒಪ್ಪಿಗೆ, ಮುಖಕ್ಕೆ ಇನ್ನೊಂದು."

"ಮುಖಕ್ಕೂ ಪತ್ರ ಮಾಡಿಸಬೇಕಾ? ಸೈಟು ರಿಜಿಸ್ಟ್ರೇಷನ್ ಆದ ಹಾಗಾಯ್ತು," ಅಂದ ಶಾಮಣ್ಣ.

"ರಿಲೀಸ್ ಫಾರ್ಮ್ ಅಂತೀವಿ," ಅಂದ ವಾಸು. "ಅರ್ಧ ಪುಟ ಸಾಕು. ಯಾರು ತೆಗೀತಿದಾರೆ, ಯಾತಕ್ಕೆ, ಎಲ್ಲಿ, ಯಾವತ್ತು, ಎಲ್ಲೆಲ್ಲಿ ತೋರಿಸ್ತಾರೆ, ಎಷ್ಟು ದಿನ, ದುಡ್ಡು ಕೊಡ್ತಾರೋ ಇಲ್ವೋ. ಜಾಹೀರಾತಿಗಾದ್ರೆ ಬೇರೆ ಸಾಲು ಬರೀಬೇಕು. ಸಾಕ್ಷ್ಯಚಿತ್ರಕ್ಕೆ ಒಪ್ಪಿದವರು ತಲೆ ಎಣ್ಣೆ ಮಾರೋಕೂ ಒಪ್ಪಿದ ಹಾಗಲ್ಲ. ಇನ್ನೊಂದು, ಕ್ಯಾಮೆರಾ ಆನ್ ಆಗೋ ಮುಂಚೆ ಸೈನು. ಮುಗಿದ ಮೇಲೆ ಕೇಳಿದ್ರೆ ಒಬ್ಬರು ಬಸ್ಸಿಗೆ ಓಡಿರ್ತಾರೆ, ಇನ್ನೊಬ್ಬರು ರೇಟು ಕೇಳ್ತಾರೆ."

"ಸೈನಾದ ಮೇಲೆ ಮುಗೀತಲ್ಲ?"

"ಎಲ್ಲಿ ಮುಗೀತು? ಆ ಫಾರ್ಮು ಎದೆ ಹತ್ರ ಹಿಡಿಸಿ ಅವರದೊಂದು ಫೋಟೋ ತೆಗಿ, ಕ್ಲಿಪ್ ನಂಬರು ಮೂಲೇಲಿ ಬರಿ. ತಿಂಗಳಾದ ಮೇಲೆ ಎಡಿಟಿಂಗಿಗೆ ಕೂತಾಗ ನಾಲ್ಕು ಜನ ಮಂಜುನಾಥ ಇರ್ತಾರೆ. ಹಸಿರು ಶರ್ಟಿನ ಮಂಜುನಾಥ ಯಾರು ಅಂತ ಯಾವ ದೇವರಿಗೂ ಗೊತ್ತಾಗಲ್ಲ. ಓದೋಕೆ ಬಾರದವರಿಗೆ ಪೂರ್ತಿ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿ, ಪಕ್ಕದಲ್ಲಿ ಸಾಕ್ಷಿ ಸೈನು ಹಾಕಿಸು. ಜೊತೆಗೆ ಕ್ಯಾಮೆರಾ ಮುಂದೆ ಹೆಸರು ಹೇಳಿಸಿ ಬಾಯಿಮಾತಿನ ಒಪ್ಪಿಗೇನೂ ತಗೋ."

"ಮೂಲೆ ಮನೆ ಹುಡುಗ್ರು ಕುಣಿದ್ರಲ್ಲ, ಅವರ ಕೈಲೇ ಸೈನ್ ಹಾಕಿಸ್ಕೊಂಡಿದೀನಿ," ಅಂತ ಎದೆಯುಬ್ಬಿಸಿದ ಸೀನ.

"ಹದಿನೆಂಟು ತುಂಬದವರ ಕರಾರು 1872ರ ಕರಾರು ಕಾಯಿದೆ ಪ್ರಕಾರ ಲೆಕ್ಕಕ್ಕೇ ಇಲ್ಲ. ಅಪ್ಪನೋ ಅಮ್ಮನೋ ಹಾಕಬೇಕು."

"ಎಲ್ಲಾದಕ್ಕೂ ಕಾಯಿದೆ ಅಂತೀಯ. ಮುಖಕ್ಕೆ ಹಕ್ಕು ಕೊಟ್ಟಿದ್ದು ಯಾರು?"

"ಪುಟ್ಟಸ್ವಾಮಿ."

"ಬೀಡಾ ಅಂಗಡಿಯವನಾ?"

"ಕೆ.ಎಸ್. ಪುಟ್ಟಸ್ವಾಮಿ ಕಣೋ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ಕ್ಕೆ 9 ಜನ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು."

"ಅದರಲ್ಲಿ ಜಾಮೂನಿನ ವಿಷಯ ಇದೆಯೇ?" ರಾಯರಿಗೆ ಆಸೆ.

"ಇಲ್ಲ. ಆ ತೀರ್ಪು ನಿಮ್ಮ ಮನೆಯವರದೇ."

ಸೀನ ಸೋಲುವವನಲ್ಲ. "ಹಾಗಾದ್ರೆ ಕಡಲೆಕಾಯಿ ಪರಿಷೆ ತೆಗೆಯೋನು ಊರಿಗೆಲ್ಲ ಫಾರ್ಮ್ ಹಂಚ್ಕೊಂಡು ಓಡಾಡಬೇಕಾ?"

"ಬೇಡ. ನೀನೇ ಕಾರ್ಯಕ್ರಮ ಮಾಡೋದಾದ್ರೆ ಬಾಗಿಲಲ್ಲೇ 'ಇಲ್ಲಿ ಚಿತ್ರೀಕರಣ ನಡೆಯುತ್ತಿದೆ' ಅಂತ ದೊಡ್ಡ ಅಕ್ಷರದ ಬೋರ್ಡು ಹಾಕು, ಆ ಬೋರ್ಡನ್ನೂ ಕ್ಯಾಮೆರಾದಲ್ಲಿ ತೆಗೆದಿಟ್ಕೋ. ಪರಿಷೆಯಲ್ಲಿ ದೂರದಿಂದ ಜನಜಂಗುಳಿ ತೆಗಿ. ಒಂದೇ ಮುಖ ಫ್ರೇಮ್ ತುಂಬಿತು ಅಂದ್ರೆ ಹೋಗಿ ಕೇಳು."

"ಬ್ಲರ್ ಮಾಡಿದ್ರಾಯ್ತು ಬಿಡಪ್ಪ."

"ಮಾಡಿ ನೋಡು. ರಾಯರು ಜಾಮೂನಿಗೆ ಬಗ್ಗಿದ್ರೆ ಬ್ಲರ್ರು ಗೋಡೇಲೇ ಉಳಿಯುತ್ತೆ. ಮಾಣಿ ಅಡ್ಡ ಬಂದ್ರೆ ಅವನ ತಟ್ಟೆಗೆ ಅಂಟ್ಕೊಂಡು ಅಡುಗೆಮನೆಗೆ ಹೋಗುತ್ತೆ. ಆಮೇಲೆ ಒಂದೊಂದೇ ಫ್ರೇಮು ಕೈಯಲ್ಲಿ ಸರಿಮಾಡು, ಸೆಕೆಂಡಿಗೆ 25."

"ಮಾಡಿದ್ರೂ ಪ್ರಯೋಜನ ಇಲ್ಲಯ್ಯ," ರಾಯರು ನಿಟ್ಟುಸಿರಿಟ್ಟರು. "ಆ ಚೌಕಳಿ ಶರ್ಟು ತಂದವಳು ಅವಳೇ."

ಶಾಮಣ್ಣ ಮಾತ್ರ ನಗಲಿಲ್ಲ. "ಕೇಳದೇ ತೆಗೆದಿದ್ದಕ್ಕೇ ನಮ್ಮಮ್ಮ ಉಳಿದಳು ಕಣ್ರೋ. ಯಾರದೋ ಮದುವೆ ಕ್ಯಾಸೆಟ್ಟು. ಪಂಕ್ತೀಲಿ ಕೋಸಂಬರಿ ಬಡಿಸ್ತಾ ಇದಾಳೆ, ಕ್ಯಾಮೆರಾ ಕಂಡು ಸೆರಗು ಅಡ್ಡ ಹಿಡೀತಾಳೆ. ಅವಳು ನಡೆದಾಡೋದು ಇರೋದು ಅದೊಂದೇ."

"ಸೆರಗು ಅಡ್ಡ ಹಿಡಿದರಲ್ಲ ಶಾಮಣ್ಣ," ಅಂದ ವಾಸು ಮೆಲ್ಲಗೆ. "ಬೇಡ ಅಂದಿದ್ದು ಅದೇ."

"ಗೊತ್ತು. ಆದ್ರೂ ನೋಡ್ತೀನಿ."

ಸ್ವಲ್ಪ ಹೊತ್ತು ಯಾರಿಗೂ ಮಾತು ಹೊರಡಲಿಲ್ಲ. ಸೀನ ಫೋನಿನಲ್ಲಿ ಏನೋ ತಡಕಿ, "ಸಿಕ್ತು! ರೆಡಿಮೇಡ್ ಫಾರ್ಮು, ಇಂಗ್ಲಿಷು, ಹದಿನಾಲ್ಕು ಪುಟ," ಅಂದ.

"ಯಾರು ಓದ್ತಾರೆ ಅದನ್ನ? ಒಪ್ಪಿಗೆ ಕೇಳೋ ನೋಟಿಸು ಸಂವಿಧಾನದ 8ನೇ ಶೆಡ್ಯೂಲಿನ 22 ಭಾಷೆಗಳಲ್ಲೂ ಸಿಗಬೇಕು ಅಂತ 2023ರ ಡಿಜಿಟಲ್ ದತ್ತಾಂಶ ಕಾಯಿದೆಯಲ್ಲೇ ಇದೆ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ತಗೊಳ್ಳೋಕೂ ಆಗಬೇಕು. ಕನ್ನಡದಲ್ಲಿ ಅರ್ಧ ಪುಟ ಬರಿ."

"ಇದರಲ್ಲಿ ಒಂದು ಸಾಲು ಭರ್ಜರಿಯಾಗಿದೆ: ಅನಂತಕಾಲದವರೆಗೆ, ಸಮಸ್ತ ವಿಶ್ವದಾದ್ಯಂತ!"

ರಾಯರು ಕನ್ನಡಕ ಏರಿಸಿದರು. "ಚಂದ್ರಲೋಕದಲ್ಲಿ ಬೇಕಾದ್ರೆ ತೋರಿಸಿಕೋ. ಜಯನಗರ ನಾಲ್ಕನೇ ಬ್ಲಾಕು ಹೊರತು ಅಂತ ಸೇರಿಸು. ಅಲ್ಲಿ ನಮ್ಮ ಮಾವನ ಮನೆ ಇದೆ."

"ಬರಿ ಸೀನ, ಷರತ್ತು ಹಾಕೋದು ಅವರ ಹಕ್ಕು," ಅಂದ ವಾಸು. "ತಿದ್ದಿದ ಜಾಗದಲ್ಲಿ ಇಬ್ಬರೂ ಇನಿಷಿಯಲ್ ಹಾಕಿ."

"ಹಾಕೋಣ. ಪೆನ್ನು ಯಾರ ಹತ್ರ ಇದೆ?"